ಏಳು ನಿಮಿಷ ಮುಂದೆ

"ಹೋಯ್ತು! ಹೋಗೇ ಬಿಡ್ತು!" ಅಂದಳು ಅಮ್ಮ.

ಬಸ್ಸಿನ ಹಿಂಭಾಗ ತಿರುವಿನಲ್ಲಿ ಮರೆಯಾಯಿತು. ಬ್ಯಾಗು ಹೊತ್ತು ಓಡುತ್ತಿದ್ದ ಮಗಳು ಚಿಕ್ಕಿ ಅಲ್ಲೇ ನಿಂತಳು. ಬ್ಯಾಗಿನ ಜಿಪ್ ಅರ್ಧ ತೆರೆದು, ಒಳಗಿಂದ ಒಂದು ಸಾಕ್ಸ್ ನಾಲಗೆ ಚಾಚಿದ ಹಾಗೆ ಹೊರಗೆ ಬಂದಿತ್ತು.

"ಎರಡೇ ಎರಡು ನಿಮಿಷ ಲೇಟು ನೋಡು. ಇನ್ನು ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾಯ್ಬೇಕು," ಅಂತ ಅಮ್ಮ ಏದುಸಿರು ಬಿಟ್ಟಳು.

"ಅಜ್ಜ ಇದ್ದಿದ್ರೆ..." ಚಿಕ್ಕಿಯ ಬಾಯಿಂದ ಬಂದೇ ಬಿಟ್ಟಿತು.

ಅಮ್ಮ ತಟ್ಟನೆ ಬ್ಯಾಗಿಗೆ ಕೈ ಹಾಕಿದಳು. "ನೀರು ಕುಡೀತೀಯಾ ಪುಟ್ಟಾ?"

ಚಿಕ್ಕಿ ಕುಡಿದಳು. ಬೇಡ ಅಂದರೂ ಅಮ್ಮ ಬಿಡುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅಜ್ಜ ತೀರಿಕೊಂಡು ಎರಡು ತಿಂಗಳಾಗಿತ್ತು. ಅಜ್ಜನ ಮಾತು ಎತ್ತಿದಾಗಲೆಲ್ಲ ಅಮ್ಮ ನೀರು ಕೊಡುತ್ತಿದ್ದಳು. ಈ ಎರಡು ತಿಂಗಳಲ್ಲಿ ಚಿಕ್ಕಿ ಒಂದು ಕೆರೆಯಷ್ಟು ನೀರು ಕುಡಿದಿರಬೇಕು.

ಅಜ್ಜ ಅಂದರೆ ಅಮ್ಮನ ಅಪ್ಪ. ಗಡಿಯಾರ ರಿಪೇರಿ ಮಾಡುತ್ತಿದ್ದ. ಬೀದಿಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯಂಥ ಪುಟ್ಟ ಅಂಗಡಿ. ಒಂದು ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಇಡುತ್ತಿದ್ದ. ಗಿರಾಕಿಗಳ ಗಡಿಯಾರ ಸೆಕೆಂಡೂ ಆಚೀಚೆ ಆಗುತ್ತಿರಲಿಲ್ಲ. ಆದರೆ ಯಾರು ತನ್ನವರು ಅಂತ ಅನ್ನಿಸುತ್ತಿತ್ತೋ, ಅವರ ಗಡಿಯಾರವನ್ನು ಮಾತ್ರ ಏಳು ನಿಮಿಷ ಮುಂದೆ ಇಡುತ್ತಿದ್ದ.

"ಏಳೇ ಯಾಕಜ್ಜ? ಐದು ಇಡಬಹುದಲ್ಲ?" ಅಂತ ಚಿಕ್ಕಿ ಒಮ್ಮೆ ಕೇಳಿದ್ದಳು.

"ಜನ ಬಲು ಜಾಣರು. ಐದು ಇಟ್ರೆ ಟಕ್ ಅಂತ ಐದು ಕಳೆದು ಮತ್ತೆ ಹೊದ್ಕೊಂಡು ಮಲಗ್ತಾರೆ. ಏಳು ಕಳೆಯೋಕೆ ತಲೆ ಕೆರ್ಕೋಬೇಕು. ಕೆರ್ಕೊಳ್ಳೋಷ್ಟರಲ್ಲಿ ಎಚ್ಚರ ಆಗಿರುತ್ತೆ!"

ಅಜ್ಜ ಇದ್ದಷ್ಟು ದಿನ ಅವರ ಮನೆಯವರು ಒಂದು ಬಸ್ಸನ್ನೂ ತಪ್ಪಿಸಿಕೊಂಡಿರಲಿಲ್ಲ. ಈಗ ಮನೆಯ ಗೋಡೆ ಗಡಿಯಾರ ಕೀ ಕೊಡುವವರಿಲ್ಲದೆ ನಾಲ್ಕೂಕಾಲಿಗೆ ನಿಂತುಬಿಟ್ಟಿತ್ತು. ಅಮ್ಮ ಅದರ ಮೇಲೊಂದು ಕ್ಯಾಲೆಂಡರ್ ತೂಗು ಹಾಕಿದ್ದಳು. ತನ್ನ ವಾಚಿನ ಮುಳ್ಳನ್ನೂ ಹಿಂದಕ್ಕೆ ತಿರುಗಿಸಿ ಎಲ್ಲರ ಟೈಮಿಗೆ ಇಟ್ಟುಕೊಂಡಿದ್ದಳು.

ಇನ್ನೊಂದು ವಿಷಯ. ಚಿಕ್ಕಿ ಒಂದು ಕಡೆ ಕೂರುವವಳಲ್ಲ. ಅದಕ್ಕೇ ಅಜ್ಜ ಅವಳನ್ನು 'ಸೆಕೆಂಡ್ ಮುಳ್ಳು' ಅಂತ ಕರೆಯುತ್ತಿದ್ದ. ಈಗ ಆ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ. ಚಿಕ್ಕಿಯೂ ಸುಮ್ಮನೆ ಒಂದೇ ಕಡೆ ಕೂರುತ್ತಿದ್ದಳು. "ಕ್ಲಾಸಲ್ಲಿ ಮಾತೇ ಆಡ್ತಿಲ್ಲ," ಅಂತ ಟೀಚರ್ ಅಮ್ಮನನ್ನು ಕರೆದು ಹೇಳಿದ್ದರು.

"ಬಟಾಣಿ ಮನೆಗೆ ಹೋಗಿ ಒಂದಿನ ಇದ್ದು ಬರೋಣ. ನಿನ್ನ ಮನಸ್ಸೂ ಹಗುರಾಗುತ್ತೆ," ಅಂತ ಅಮ್ಮ ಹೊರಡಿಸಿದ್ದು ಅದಕ್ಕೇ.

ಬಟಾಣಿ ಚಿಕ್ಕಿಯ ಪ್ರಾಣ ಸ್ನೇಹಿತೆ. ಹೋದ ವರ್ಷದವರೆಗೆ ಪಕ್ಕದ ಮನೆಯಲ್ಲೇ ಇದ್ದವಳು. ಮುಂದಿನ ಬಸ್ಸಿನ ಕಿಟಕಿ ಪಕ್ಕ ಕೂತ ಚಿಕ್ಕಿ ದಾರಿಯುದ್ದಕ್ಕೂ ಒಂದೇ ಯೋಚನೆ ಮಾಡಿದಳು. ಬಟಾಣಿಯ ಹತ್ತಿರ ಅಜ್ಜನ ಬಗ್ಗೆ ಮಾತಾಡಬೇಕು. ಹೊಟ್ಟೆ ತುಂಬ ಮಾತಾಡಬೇಕು. ಬಟಾಣಿಗೆ ನೀರು ಕೊಡುವ ಅಭ್ಯಾಸ ಇಲ್ಲ.

* * *

ಬಾಗಿಲು ತೆಗೆದ ಬಟಾಣಿ ಚಿಕ್ಕಿಯ ಮೇಲೆ ಬಿದ್ದಳು ಅಂತಲೇ ಹೇಳಬೇಕು. ಇಬ್ಬರೂ ಬ್ಯಾಗಿನ ಸಮೇತ ಚಾಪೆಯ ಮೇಲೆ ಉರುಳಿದರು.

"ಏಯ್, ಬಂದವರನ್ನ ಒಳಗಾದ್ರೂ ಬಿಡೇ!" ಅಂತ ಬಟಾಣಿಯ ಅಮ್ಮ ನಕ್ಕರು. ಅವರು ಸ್ಕೂಲ್ ಯೂನಿಫಾರ್ಮ್ ಹೊಲಿಯುವ ದರ್ಜಿ. ಕೊರಳಲ್ಲಿ ಅಳತೆ ಟೇಪು, ರವಿಕೆಗೆ ಸಾಲಾಗಿ ಗುಂಡುಪಿನ್ನು. ಮುಂದಿನ ರೂಮಿನ ತುಂಬ ನೀಲಿ ಲಂಗಗಳ ರಾಶಿ. ಒಂದು ಮೂಲೆಯಲ್ಲಿ ಬಟಾಣಿಯ ಅಜ್ಜಿ ಗುಂಡಿಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಿದ್ದರು.

"ಬಟಾಣಿ, ನಿಂಗೊತ್ತಾ, ನಮ್ಮಜ್ಜ..." ಅಂತ ಚಿಕ್ಕಿ ಶುರು ಮಾಡಿದಳು.

"ಏ, ನಮ್ಮ ಸ್ಕೂಲಲ್ಲಿ ಮೊಲ ಇದೆ ಕಣೇ! ಎರಡು!" ಅಂತ ಬಟಾಣಿ ಜೋರಾಗಿ ಕೂಗಿದಳು.

ಚಿಕ್ಕಿ ಮೊಲದ ಕತೆ ಕೇಳಿದಳು. ಅದು ಮುಗಿದ ಮೇಲೆ, "ನಮ್ಮಜ್ಜ ಒಂದ್ಸಲ..." ಅಂದಳು.

"ಒಂದು ಮೊಲದ ಕಿವಿ ಮಡಚಿಕೊಂಡಿದೆ!" ಅಂದಳು ಬಟಾಣಿ. ಅವಳ ಕೆನ್ನೆ ಕೆಂಪಾಗಿತ್ತು.

ಚಿಕ್ಕಿ ಬ್ಯಾಗು ಎತ್ತಿಕೊಂಡು ಒಳರೂಮಿನ ಬೀರುವಿನ ಕಡೆ ನಡೆದಳು. ಬಟಾಣಿ ಹಿಂದೆಯೇ ಓಡಿ ಬಂದು ಬೀರುವಿಗೆ ಬೆನ್ನು ಕೊಟ್ಟು ಕೈಗಳನ್ನು ಅಗಲಿಸಿ ನಿಂತಳು.

"ಬೀರು ತೆಗೀಬೇಡ! ಒಳಗೆ ಇಲಿ ಇದೆ."

"ಬೀರುವಿನೊಳಗಾ?"

"ಹ್ಞೂಂ. ದೊಡ್ಡದು."

"ಎಷ್ಟು ದೊಡ್ಡದು?"

"ಅದು... ಸೂಟು ಹಾಕ್ಕೊಂಡಿದೆ," ಅಂದುಬಿಟ್ಟಳು ಬಟಾಣಿ.

ಬೇರೆ ದಿನವಾಗಿದ್ದರೆ ಚಿಕ್ಕಿ ಬಿದ್ದು ಬಿದ್ದು ನಗುತ್ತಿದ್ದಳು. ಈಗ ನಗು ಬರಲಿಲ್ಲ. ಒಂದೇ ವರ್ಷದಲ್ಲಿ ಬಟಾಣಿಗೆ ಗುಟ್ಟುಗಳು ಬಂದುಬಿಟ್ಟಿವೆ. ಅಜ್ಜನಂತೂ ಇವಳಿಗೆ ನೆನಪೇ ಇಲ್ಲ. ಚಿಕ್ಕಿ ಬ್ಯಾಗನ್ನು ನೆಲದ ಮೇಲಿಟ್ಟು ಮುಂದಿನ ರೂಮಿಗೆ ಬಂದು ಕೂತಳು.

ಬಟಾಣಿಯ ಅಜ್ಜಿ ಗೋಡೆಯ ಹಲಗೆಯ ಕಡೆ ಕತ್ತೆತ್ತಿ ನೋಡಿದರು. "ಟೈಮೆಷ್ಟಾಯ್ತೋ ಏನೋ... ಅಯ್ಯೋ, ಗಡಿಯಾರ ಎಲ್ಲಿ ಹೋಯ್ತೇ?"

"ರಿಪೇರಿಗೆ ಕೊಟ್ಟಿದೀವಿ ಅತ್ತೆ," ಅಂದ ಬಟಾಣಿಯ ಅಮ್ಮ, ಹೇಳಬಾರದ್ದು ಹೇಳಿದವರ ಹಾಗೆ ನಾಲಗೆ ಕಚ್ಚಿಕೊಂಡರು. "ಚಿಕ್ಕಿ, ನೀರು ತರ್ಲಾ?"

ಇಲ್ಲೂ ನೀರು!

ಚಿಕ್ಕಿ ಹಲಗೆಯನ್ನು ನೋಡಿದಳು. ಧೂಳಿನ ಮಧ್ಯೆ ನಾಲ್ಕು ಪುಟ್ಟ ಕಾಲುಗಳ ಗುರುತಿತ್ತು. ಹೌದಲ್ಲ! ಬಟಾಣಿಯವರು ಊರು ಬಿಡುವ ದಿನ ಅಜ್ಜ ಒಂದು ಮೇಜಿನ ಗಡಿಯಾರ ಕೊಟ್ಟಿದ್ದ. ಹಿತ್ತಾಳೆ ಕಾಲಿನದು, ಕೀ ಕೊಡುವಂಥದ್ದು, ಗಂಟೆ ಹೊಡೆಯುವಂಥದ್ದು.

ಅಷ್ಟರಲ್ಲಿ ಒಳರೂಮಿನಿಂದ ಒಂದು ಶಬ್ದ ಬಂತು.

ಢಣ್.

ಯಾರೂ ಅಲುಗಾಡಲಿಲ್ಲ.

ಢಣ್.

ಬಟಾಣಿಯ ಅಮ್ಮ ಮಿಷನ್ನಿನ ಮುಂದೆ ಕೂತು ಬಟ್ಟೆಯೇ ಇಲ್ಲದೆ ಗಡಗಡ ತುಳಿಯತೊಡಗಿದರು. ಬಟಾಣಿ ದೊಡ್ಡ ದನಿಯಲ್ಲಿ, "ಏಳೊಂದ್ಲಿ ಏಳು! ಏಳೆರಡ್ಲಿ ಹದಿನಾಲ್ಕು!" ಅಂತ ಮಗ್ಗಿ ಹೇಳತೊಡಗಿದಳು. ಅಜ್ಜಿ ಮಾತ್ರ ನೆಮ್ಮದಿಯಿಂದ ಬೆರಳು ಮಡಚುತ್ತಾ, "ಐದು... ಆರು... ಏ ಹುಡುಗಿ, ಮಗ್ಗಿ ನಿಲ್ಸೇ, ಲೆಕ್ಕ ತಪ್ಪುತ್ತೆ... ಏಳು..." ಅಂತ ಎಣಿಸುತ್ತಿದ್ದರು.

"...ಹನ್ನೆರಡು! ಊಟಕ್ಕೆ ಬಡಿಸಮ್ಮ," ಅಂದರು ಕೊನೆಗೆ.

ಚಿಕ್ಕಿ ಅಮ್ಮನ ವಾಚಿನ ಕಡೆ ನೋಡಿದಳು. ಹನ್ನೆರಡಕ್ಕೆ ಇನ್ನೂ ಏಳು ನಿಮಿಷ ಇತ್ತು.

"ಯಾರಿಗೆ ನೀರು ಬೇಕು?" ಅಂತ ಅಮ್ಮ ಯಾರ ಮುಖವನ್ನೂ ನೋಡದೆ ಎದ್ದು ಅಡುಗೆಮನೆಗೆ ಹೋದಳು. ಬಟಾಣಿಯ ಅಮ್ಮ ಅವಳ ಹಿಂದೆ ಹೋದರು. ಚಿಕ್ಕಿ ಸೀದಾ ಬೀರುವಿನ ಹತ್ತಿರ ಹೋಗಿ ಬಾಗಿಲು ತೆಗೆದಳು.

ಬಟಾಣಿ ಸುಳ್ಳು ಹೇಳಿರಲಿಲ್ಲ. ಗಡಿಯಾರ ನಿಜವಾಗಿಯೂ ಸೂಟು ಹಾಕಿಕೊಂಡಿತ್ತು. ಬಟಾಣಿಯ ಅಪ್ಪನ ಕೋಟಿನೊಳಗೆ ಬೆಚ್ಚಗೆ ಕೂತು ಟಿಕ್ ಟಿಕ್ ಅನ್ನುತ್ತಿತ್ತು.

"ಬೈಬೇಡ ಕಣೇ," ಅಂತ ಬಟಾಣಿ ಪಿಸುಗುಟ್ಟಿದಳು. "ನಿಮ್ಮಮ್ಮ ಫೋನ್ ಮಾಡಿದ್ರು. ಅಜ್ಜನ ಮಾತು ಎತ್ತಬೇಡಿ, ಗಡಿಯಾರ ಕಂಡ್ರೆ ಚಿಕ್ಕಿ ಅಳ್ತಾಳೆ ಅಂತ. ಕೀ ಕೊಡಬೇಡ, ತಾನಾಗೇ ನಿಲ್ಲಲಿ ಅಂತ ನಮ್ಮಮ್ಮ ಹೇಳಿದ್ಲು."

"ಮತ್ತೆ ನಿಂತಿಲ್ವಲ್ಲ?"

"ನಿನ್ನೆ ಶುಕ್ರವಾರ ಅಲ್ವಾ? ಶುಕ್ರವಾರ ನಾನು ಕೀ ಕೊಡೋ ದಿನ. ಬಂದಾಗಿನಿಂದ ಒಂದು ವಾರಾನೂ ಬಿಟ್ಟಿಲ್ಲ, ಜ್ವರ ಬಂದಾಗ್ಲೂ. ಅದಕ್ಕೇ ಕದ್ದು ಕೊಟ್ಟೆ." ಬಟಾಣಿ ಕೋಟಿನ ತೋಳನ್ನು ನೀವಿದಳು. "ಒಂದ್ಸಲ ನಿಂತ್ರೆ ಆಮೇಲೆ ನಾವು ಇಟ್ಟ ಟೈಮ್ ಆಗುತ್ತೆ. ಈಗ ಇರೋದು ಅಜ್ಜ ಇಟ್ಟ ಟೈಮ್."

ಚಿಕ್ಕಿ ಬೀರುವಿನ ಮುಂದೆ ಮಂಡಿಯೂರಿ ಗಡಿಯಾರಕ್ಕೆ ಕಿವಿ ಹಚ್ಚಿದಳು. ಬಹಳ ಹೊತ್ತು ಹಾಗೇ ಇದ್ದಳು.

"ಹಿಂಗೆ ಸುಮ್ನೆ ಕೂರ್ಬೇಡ ಕಣೇ ಸೆಕೆಂಡ್ ಮುಳ್ಳು, ಭಯ ಆಗುತ್ತೆ," ಅಂದ ಬಟಾಣಿ ತಟ್ಟನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಚಿಕ್ಕಿಗೆ ಅಳು ಬಂತು. ಅದರ ಹಿಂದೆಯೇ ನಗುವೂ ಬಂತು. ಮೂಗು, ಕಣ್ಣು ಎಲ್ಲ ಒಟ್ಟಿಗೆ ಸೋರಿ, ಕೊನೆಗೆ ಕೋಟಿನ ತೋಳಿನಲ್ಲೇ ಒರೆಸಿಕೊಂಡಳು.

ಆಮೇಲೆ ಇಬ್ಬರೂ ಬೀರುವಿನ ಬಾಗಿಲಿಗೆ ಒರಗಿ ಕೂತರು. ಅಜ್ಜ ಭೂತಗನ್ನಡಿ ತೆಗೆಯುವುದನ್ನು ಮರೆತು ಮನೆಗೆ ಬಂದು, ಬೆಕ್ಕಿನ ಮರಿಯನ್ನು ನೋಡಿ "ಹುಲಿ! ಹುಲಿ!" ಅಂತ ಮಂಚ ಹತ್ತಿದ್ದು, ಬಟಾಣಿ ಅಜ್ಜನ ಸ್ಕ್ರೂ ಡಬ್ಬಿಯ ಮೇಲೆ ಸೀನಿ, ಮೂವರೂ ಸಂಜೆವರೆಗೆ ನೆಲದ ಮೇಲೆ ತೆವಳಿದ್ದು, ಎಲ್ಲ ನೆನೆಸಿಕೊಂಡರು. "ಮೂವತ್ತೊಂದು ಸ್ಕ್ರೂ ಹೋಗಿತ್ತು, ಸಿಕ್ಕಿದ್ದು ಮೂವತ್ತೆರಡು!" ಅಂದಳು ಬಟಾಣಿ. ಇಬ್ಬರಿಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ನಕ್ಕು ನಕ್ಕು ಚಿಕ್ಕಿಗೆ ನಿಜವಾಗಿ ಬಾಯಾರಿತು.

ನೀರಿಗೆ ಹೋದವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು.

ಅಮ್ಮ ನಲ್ಲಿಯ ಹತ್ತಿರ ಆ ಕಡೆ ಮುಖ ಮಾಡಿ ನಿಂತಿದ್ದಳು. ಕೈಯಲ್ಲಿ ತುಂಬಿದ ಲೋಟ. ಬಟಾಣಿಯ ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಿದ್ದರು.

"ಮಗು ಆ ಶಬ್ದ ಕೇಳಿ ಹೆಂಗೆ ತಡ್ಕೊಂಡ್ಲೋ ಏನೋ," ಅಂದಳು ಅಮ್ಮ. ದನಿ ಒಡೆದಿತ್ತು.

"ಮಗು ಅಲ್ಲಿ ನಗ್ತಾ ಇದೆ, ಕೇಳಿಸ್ತಿಲ್ವಾ? ನೀನು ಎಷ್ಟೊತ್ತಿಂದ ಈ ಲೋಟ ಹಿಡ್ಕೊಂಡು ನಿಂತಿದೀಯ, ಅದನ್ನ ನೋಡು."

ಅಮ್ಮ ಲೋಟವನ್ನು ನೋಡಿದಳು.

ಚಿಕ್ಕಿ ಸದ್ದಿಲ್ಲದೆ ವಾಪಸ್ಸು ಬಂದಳು.

"ನೀರೆಲ್ಲೇ?" ಅಂತ ಬಟಾಣಿ ಕೇಳಿದಳು.

"ಅಮ್ಮನಿಗೆ ಬೇಕಾಗಿತ್ತು."

"ಸರಿ, ಗಡಿಯಾರ ಈಗ ಹೊರಗೆ ಇಡೋಣ್ವಾ?"

ಚಿಕ್ಕಿ ಸ್ವಲ್ಪ ಯೋಚಿಸಿದಳು. "ಬೇಡ. ಇಲಿ ನಾಳೆವರೆಗೆ ಮಲಗಿರಲಿ," ಅಂತ ಕೋಟಿನ ಮೇಲಿನ ಗುಂಡಿ ಹಾಕಿದಳು.

* * *

ಮರುದಿನ ಮಧ್ಯಾಹ್ನ ಅಮ್ಮ ಮುಖ ತೊಳೆಯಲು ಹೋಗುವಾಗ ವಾಚನ್ನು ಬಿಚ್ಚಿ ಮಿಷನ್ನಿನ ಮೇಲಿಟ್ಟಳು. ಚಿಕ್ಕಿ ಅದನ್ನೇ ಕಾಯುತ್ತಿದ್ದಳು. ವಾಚನ್ನು ಮುಷ್ಟಿಯಲ್ಲಿ ಹಿಡಿದು ಬಟಾಣಿಯನ್ನು ಬೀರುವಿನ ಹತ್ತಿರ ಎಳೆದಳು.

"ಏನ್ಮಾಡ್ತಿದೀಯೇ? ಗೊತ್ತಾದ್ರೆ?"

"ಇಡೀ ಗಡಿಯಾರ ಅಮ್ಮನಿಗೆ ಭಾರ ಕಣೇ," ಅಂದಳು ಚಿಕ್ಕಿ. "ಏಳು ನಿಮಿಷ ಆದ್ರೆ ಹೊತ್ಕೋಬಹುದೇನೋ."

ವಾಚಿನ ಪಕ್ಕದ ಪುಟ್ಟ ತಿರುಪನ್ನು ಅಜ್ಜ ಕಲಿಸಿದ ಹಾಗೆ ಉಗುರಿನಿಂದ ಹೊರಗೆಳೆದಳು. ಬಟಾಣಿ ಕೋಟಿನೊಳಗೆ ತಲೆ ತೂರಿಸಿ, "ಇನ್ನೊಂಚೂರು... ಇನ್ನೊಂಚೂರು... ನಿಲ್ಸು!" ಅಂದಳು. ತಿರುಪು ಟಕ್ ಅಂತ ಒಳಗೆ ಕೂತಿತು.

ಹೊರಡುವಾಗ ಅಜ್ಜಿ ಗುಂಡಿ ಡಬ್ಬಿಯ ಹಿಂದಿನಿಂದ ಕೂಗಿ ಹೇಳಿದರು: "ಇವರು ಹೋದ ಮೇಲಾದ್ರೂ ಆ ಇಲೀನ ಆಚೆ ತೆಗೀರಮ್ಮ. ನನ್ನ ಮಾತ್ರೆ ಟೈಮ್ ಗೊತ್ತಾಗ್ತಿಲ್ಲ!"

ಅಮ್ಮ ವಾಚು ನೋಡಿದವಳೇ, "ಅಯ್ಯೋ, ಆಗಲೇ ಇಷ್ಟಾಯ್ತಾ! ನಡಿ ನಡಿ, ಇದೂ ತಪ್ಪಿ ಹೋದ್ರೆ ಕಷ್ಟ," ಅಂತ ಚಿಕ್ಕಿಯ ಕೈ ಹಿಡಿದು ಓಡಿಸಿಕೊಂಡೇ ಬಂದಳು.

ಬಸ್ಸು ನಿಂತೇ ಇತ್ತು. ಒಳಗೆ ಯಾರೂ ಇರಲಿಲ್ಲ. ಡ್ರೈವರ್ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ.

"ಇನ್ನೂ ಟೈಮ್ ಇದೆಯಮ್ಮ, ಹತ್ತಿ ಕೂತ್ಕೊಳ್ಳಿ," ಅಂದ.

ಅಮ್ಮ ಬಸ್ ಸ್ಟ್ಯಾಂಡಿನ ದೊಡ್ಡ ಗಡಿಯಾರ ನೋಡಿದಳು. ತನ್ನ ವಾಚು ನೋಡಿದಳು. ಬೆರಳಿನಿಂದ ವಾಚಿನ ಗಾಜನ್ನು ತಟ್ಟಿದಳು. ಮತ್ತೆ ಮೇಲೆ ನೋಡಿದಳು. ಅವಳ ತುಟಿಗಳು ಏನೋ ಎಣಿಸಿದವು. ಆಮೇಲೆ ಚಿಕ್ಕಿಯ ಮುಖ ನೋಡಿದಳು.

ಚಿಕ್ಕಿ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

ಅಮ್ಮ ಬ್ಯಾಗಿಗೆ ಕೈ ಹಾಕಿ ನೀರಿನ ಬಾಟಲಿ ತೆಗೆದಳು. 'ಹೋಯ್ತು, ಮತ್ತೆ ನೀರು,' ಅಂದುಕೊಂಡಳು ಚಿಕ್ಕಿ. ಆದರೆ ಅಮ್ಮ ಬಾಟಲಿಯನ್ನು ಅವಳಿಗೆ ಕೊಡಲಿಲ್ಲ. ತಾನೇ ಗಟಗಟ ಕುಡಿದು, ಮುಚ್ಚಳ ತಿರುಗಿಸಿ, ಚಿಕ್ಕಿಯ ಜೊತೆ ಬಸ್ಸು ಹತ್ತಿ ಸೀಟಿನ ಮೇಲೆ ಕೂತಳು.

"ಏಳು," ಅಂದಳು.

"ಹ್ಞೂಂ," ಅಂದಳು ಚಿಕ್ಕಿ. "ಸರಿ ಮಾಡ್ಲಾ ಅಮ್ಮಾ?"

"ಯಾಕೆ? ಸರಿಯಾಗೇ ಇದೆಯಲ್ಲ."

ಆಮೇಲೆ ಅಮ್ಮ ಇದ್ದಕ್ಕಿದ್ದ ಹಾಗೆ ನಕ್ಕಳು. ಡ್ರೈವರ್ ಬಿಸ್ಕತ್ತು ಕೈಯಲ್ಲಿ ಹಿಡಿದು ತಿರುಗಿ ನೋಡುವಷ್ಟು ಜೋರಾಗಿ.

"ನಾನು ನಿನ್ನಷ್ಟಿದ್ದಾಗ ನಿಮ್ಮಜ್ಜ ಎಷ್ಟು ಮುಂದೆ ಇಡ್ತಿದ್ರು ಗೊತ್ತಾ? ಇಪ್ಪತ್ತು ನಿಮಿಷ! ಪರೀಕ್ಷೆ ದಿನ ನನ್ನನ್ನ ಓಡಿಸ್ಕೊಂಡು ಹೋದ್ರು, ನೋಡಿದ್ರೆ ಸ್ಕೂಲ್ ಗೇಟಿಗೆ ಬೀಗ! ವಾಚ್‌ಮನ್ ಇನ್ನೂ ಹಲ್ಲುಜ್ಜುತ್ತಾ ಇದ್ದ. ಅಪ್ಪ ಅವನಿಗೇ ಬೈದ್ರು, ನಿಂದೇ ಲೇಟು ಅಂತ. ಆಮೇಲೆ ನಾವಿಬ್ಬರೂ ಗೇಟಿನ ಮುಂದೆ ಕೂತು..."

ಅಮ್ಮನ ಕಣ್ಣು ತುಂಬಿ ಬಂತು.

ಚಿಕ್ಕಿ ಬಾಟಲಿ ಎತ್ತಿಕೊಂಡಳು. "ನೀರು ಕುಡೀತೀಯಾ ಅಮ್ಮಾ?"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. "ಬೇಡ. ಮುಂದೇನಾಯ್ತು ಕೇಳು, ಸೆಕೆಂಡ್ ಮುಳ್ಳು."

ಬಸ್ಸು ಹೊರಡಲು ಇನ್ನೂ ನಾಲ್ಕು ನಿಮಿಷ ಇತ್ತು. ಚಿಕ್ಕಿ ಬಾಟಲಿಯನ್ನು ಕಾಲ ಹತ್ತಿರ ಇಟ್ಟು, ಅಮ್ಮನಿಗೆ ಒತ್ತಿಕೊಂಡು ಕೂತಳು.