ಏಳನೇ ಹಾಳೆಯ ಇಳಿಜಾರು

ಮಾರ್ಚ್ 12, ಬೆಳಿಗ್ಗೆ 10.20. ಕಟ್ಟಡ ವಿನ್ಯಾಸ ಕಚೇರಿಯ ಮಾಲೀಕರು ಏದುಸಿರು ಬಿಡುತ್ತಾ ಠಾಣೆಗೆ ಬಂದರು. ಹೊಸ ಗ್ರಂಥಾಲಯದ ನಕ್ಷೆಯಿಂದ ಅವರು ತೆಗೆಸಿದ್ದ ಗಾಲಿಕುರ್ಚಿಯ ಇಳಿಜಾರು ದಾರಿ ಮತ್ತೆ ಕಾಣಿಸಿಕೊಂಡಿತ್ತು. ನಕ್ಷೆ ನಂಬಿದ ಗುತ್ತಿಗೆದಾರ ಅಲ್ಲಿ ಕಾಂಕ್ರೀಟನ್ನೂ ಸುರಿದಾಗಿತ್ತು.

"ನನ್ನ ಸಹಿ ಇರೋ ನಕ್ಷೇನೇ ತಿದ್ದಿದಾರೆ ಸಾರ್!"

"ಸಹಿ ಹಾಕೋವಾಗ ನೋಡ್ಲಿಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

"ಮೂವತ್ತನಾಲ್ಕು ಹಾಳೆ ಸಾರ್..."

ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಇನ್ಸ್‌ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಆ ಕಚೇರಿಗೆ ಹೋದರು. ಕಂಪ್ಯೂಟರಿನ ಪರದೆಯ ನಕ್ಷೆಯಲ್ಲಿ ಬಾಗಿಲ ಮುಂದೆ ಐದು ಮೆಟ್ಟಿಲು ಮಾತ್ರ. ಗುತ್ತಿಗೆದಾರನಿಗೆ ಹೋದ ಪಿಡಿಎಫ್‌ನಲ್ಲಿ ಪಕ್ಕಕ್ಕೊಂದು ಇಳಿಜಾರು. ಇನ್ಸ್‌ಪೆಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ.

"ನಮ್ಮೆದುರಿಗೇ ಒಂದ್ಸಲ ಪಿಡಿಎಫ್ ಮಾಡಿಸೋಣ ಸಾರ್," ಎಂದಳು ಪೇದೆ.

ಮಾಲೀಕರು ಒಂದು ಗುಂಡಿ ಒತ್ತಿ ಕೈಕಟ್ಟಿ ಕೂತರು. ಈ ಕೆಲಸಕ್ಕೆಂದೇ ಬರೆದಿಟ್ಟ ಪುಟ್ಟ ಪ್ರೋಗ್ರಾಂ, ಅವರ ಮಾತಲ್ಲಿ 'ಸ್ಕ್ರಿಪ್ಟ್', ತಾನಾಗಿಯೇ ಒಂದೊಂದೇ ಹಾಳೆ ತೆರೆದು ಪಿಡಿಎಫ್ ಮಾಡುತ್ತಾ ಹೋಯಿತು. ಏಳನೇ ಹಾಳೆಯಲ್ಲಿ ಇಳಿಜಾರು ಹಾಜರಾಯಿತು!

"ಈ ಸ್ಕ್ರಿಪ್ಟ್ ಬರೆದೋರು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ಕಂಡಿದ್ದರು. ಮೂಲೆಯ ಮೇಜಿನ ಹಿರಿಯ ನಕ್ಷೆಗಾರ್ತಿ ಮಾತ್ರ ನೆಟ್ಟಗೆ ಎದ್ದು ನಿಂತರು.

"ನಾನೇ ಸಾರ್. ಇಳಿಜಾರನ್ನ ಅಳಿಸದೆ ನಕ್ಷೇಲೇ ಮುಚ್ಚಿಟ್ಟಿದ್ದೆ. ಸ್ಕ್ರಿಪ್ಟಿನ ಒಂದು ಸಾಲು ಅದನ್ನ ತೋರಿಸುತ್ತೆ, ಪಿಡಿಎಫ್ ಆದ್ಮೇಲೆ ಇನ್ನೊಂದು ಸಾಲು ಮತ್ತೆ ಮುಚ್ಚುತ್ತೆ."

"ತಪ್ಪು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಇಳಿಜಾರು ತೆಗೀಬೇಡಿ ಅಂತ ಇವರನ್ನ ಮೂರು ಸಲ ಕೇಳ್ಕೊಂಡೆ, ಜಾಗ ಸಾಲಲ್ಲ ಅಂದ್ರು. ಜಾಗ ಇದೆ ಸಾರ್, ನಾನೇ ಅಳೆದಿದೀನಿ."

ಮಾಲೀಕರ ಸಿಟ್ಟು ಜರ್ರನೆ ಇಳಿಯಿತು. "ಅಕ್ಕಾ, ನೀವಾ? ಸಾರ್, ದೂರು ವಾಪಸ್ ತಗೋತೀನಿ."

"ಅದು ನನ್ನ ಕೈಲಿಲ್ಲ. ಕೋರ್ಟಲ್ಲಿ ಹೇಳಿ."

1.30ಕ್ಕೆ ಪಂಚನಾಮೆ ಮುಗಿದು ಕಂಪ್ಯೂಟರ್ ಜಪ್ತಾಯಿತು. 2.10ಕ್ಕೆ ಬಂಧನ. ಆಕೆಗೆ ಊಟ ಮಾಡಿಸಿಯೇ ಜೀಪು ಹತ್ತಿಸುವಂತೆ ಇನ್ಸ್‌ಪೆಕ್ಟರ್ ಪೇದೆಗೆ ಹೇಳಿದರು.

ಸಂಜೆ ಜಾಮೀನು ನಿಲ್ಲಲು ಬಂದವರು ಮಾಲೀಕರೇ. "ಇಳಿಜಾರು ಒಡೀಬೇಡ ಅಂತ ಗುತ್ತಿಗೆದಾರಂಗೆ ಹೇಳಿದೀನಿ ಅಕ್ಕಾ," ಎಂದರು, ಮುಖ ಎತ್ತದೆ.

ಆಕೆಯ ಹೇಳಿಕೆಯನ್ನು ಇನ್ಸ್‌ಪೆಕ್ಟರ್ ತಾವೇ ಬರೆದುಕೊಂಡಿದ್ದರು. ಆಕೆಗೆ ಗೆರೆ ಎಳೆಯಲು ಕಲಿಸಿದ್ದು ಅಣ್ಣ. ಅವನಿಗೆ ಹುಟ್ಟಿನಿಂದಲೂ ಕಾಲಿಲ್ಲ. ಹಳೆಯ ಗ್ರಂಥಾಲಯದ ಮೆಟ್ಟಿಲ ಕೆಳಗೆ ಅವನು ಕೂತಿರುತ್ತಿದ್ದ. ತಂಗಿ ಓಡಿಹೋಗಿ ಕೈಗೆ ಸಿಕ್ಕಿದ್ದನ್ನು ತಂದುಕೊಡುತ್ತಿದ್ದಳು. ಬೇಡದ ಪುಸ್ತಕ ಬಂದರೂ ಅವನು ತುಟಿ ಪಿಟಕ್ಕೆನ್ನದೆ ಓದುತ್ತಿದ್ದ. ಅರವತ್ತು ದಾಟಿದ ಆತ ಒಂದೇ ಒಂದು ಪುಸ್ತಕವನ್ನೂ ಕಪಾಟಿನಿಂದ ತಾನೇ ಆರಿಸಿ ತೆಗೆದವನಲ್ಲ.