ಹಿಡಿದುಕೊಂಡ ಚಕ್ರ

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಇಳಿಜಾರು ರಸ್ತೆಯ ತಿರುವಿನಲ್ಲಿ ಸೈಕಲ್ಲೊಂದು ಚರಂಡಿಗೆ ಉರುಳಿತ್ತು. ಸುತ್ತ ಬ್ರೆಡ್ಡಿನ ಪೊಟ್ಟಣಗಳು. ಅವುಗಳಾಚೆ ಬ್ರೆಡ್ಡು ಮಾರುವ ಮುದುಕ – ಪ್ರಜ್ಞೆಯಿಲ್ಲ, ಉಸಿರಿದೆ. ವಾಕಿಂಗ್ ಹೊರಟವರು ಯಾರೋ ಕಂಡು ಕೂಗಿಕೊಂಡರು. ಗುದ್ದಿದ ಗಾಡಿ ಪತ್ತೆಯಿಲ್ಲ.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಮುದುಕನನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು. ರಾತ್ರಿಯಿಡೀ ಬಂದೋಬಸ್ತು ಮುಗಿಸಿ ಮನೆಗೆ ಹೊರಟಿದ್ದ ಮನುಷ್ಯ. ಕಣ್ಣು ಉರಿಯುತ್ತಿತ್ತು, ಮಂಡಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಸದಾ ತೂಕಡಿಸುವವರಂತೆ ಕಾಣುತ್ತಿದ್ದುದರಿಂದ ಠಾಣೆಯವರು ಬೆನ್ನ ಹಿಂದೆ ಅವರನ್ನು ನಿದ್ದೆ ಸಾಹೇಬರು ಎನ್ನುತ್ತಿದ್ದರು. ಅವರಿಗದು ಗೊತ್ತಿತ್ತು. ಬೇಸರ ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ!

"ರಸ್ತೆ ಮೇಲೆ ಚಕ್ರ ಉಜ್ಜಿದ ಗುರುತೇ ಇಲ್ಲ ಸಾರ್," ಎಂದ ದಫೇದಾರ. "ಬ್ರೇಕ್ ಮುಟ್ಟೇ ಇಲ್ಲ ಬಡ್ಡೀಮಗ. ನಿಲ್ಲಿಸೋ ಮನಸ್ಸೇ ಇರಲಿಲ್ಲ ಅವನಿಗೆ."

ಬಿದ್ದಿದ್ದ ಹೆಡ್‌ಲೈಟಿನ ಚೂರು ದಪ್ಪ ಗಾಜಿನದು, ಈಗಿನ ಕಾರುಗಳದ್ದಲ್ಲ. ಅಂಥ ಹಳೆಯ ಕಾರು ಹುಡುಕುವುದು ಕಷ್ಟವಾಗಲಿಲ್ಲ. ಇಳಿಜಾರಿನ ಮೇಲ್ತುದಿಯಲ್ಲಿದ್ದ ಗ್ಯಾರೇಜಿನ ಅಂಗಳದಲ್ಲೇ ನಿಂತಿತ್ತು, ಒಡೆದ ದೀಪವನ್ನು ಗೋಡೆಗೆ ಒತ್ತಿಕೊಂಡು. ಅಂಗಳಕ್ಕೆ ಗೇಟಿಲ್ಲ. ಕೀ ಎಲ್ಲರಿಗೂ ಕಾಣುವಂತೆ ಮೊಳೆಗೆ ನೇತುಬಿದ್ದಿತ್ತು.

ಗ್ಯಾರೇಜಿನ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದ.

"ಯಾರು ಓಡಿಸಿದ್ದು ಇದನ್ನ?"

"ಓಡೋ ಗಾಡಿನಾ ಸಾರ್ ಇದು? ಹಿಂದಿನ ಎಡಗಡೆ ಬ್ರೇಕ್ ಹಿಡ್ಕೊಂಡಿದೆ. ವರ್ಷಗಟ್ಟಲೆ ಶೆಡ್ಡಲ್ಲಿ ನಿಂತಿತ್ತಲ್ಲ, ಒಳಗೆಲ್ಲ ತುಕ್ಕು. ಇಲ್ಲಿಗೂ ಹಿಂಭಾಗ ಎತ್ತಿ ಎಳೆಸಿಕೊಂಡೇ ಬಂದಿದ್ದು. ಇಂಜಿನ್ ಏನೋ ಶುರು ಮಾಡಿದೆ. ಚಕ್ರ ಮಾತ್ರ ಬಿಡ್ತಾ ಇಲ್ಲ. ಎಣ್ಣೆ ಹಾಕಿ ಕಾಯ್ತಾ ಇದೀನಿ. ಆನೆ ಕಟ್ಟಿ ಎಳೆದ್ರೂ ಕದಲಲ್ಲ!"

"ದಫೇದಾರ್, ತಳ್ಳಿ ನೋಡಿ."

ದಫೇದಾರ ಗೇರು ತೆಗೆದು ಒಂದೇ ಕೈಯಲ್ಲಿ ತಳ್ಳಿದ. ಕಾರು ಸರಾಗವಾಗಿ ಹಿಂದಕ್ಕೆ ಸರಿಯಿತು. ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಬೇಕಾಯಿತು.

ಮೇಸ್ತ್ರಿ ಬಗ್ಗಿ ಆ ಚಕ್ರವನ್ನೇ ಮುಟ್ಟಿ ಮುಟ್ಟಿ ನೋಡಿದ. ಗಾಡಿ ಸಿಕ್ಕಿತು, ಕೀ ಸಿಕ್ಕಿತು, ಸುಳ್ಳೂ ಸಿಕ್ಕಿತು – ಇನ್ನೇನು ಬೇಕು? ಅವನನ್ನು ಲಾಕಪ್ಪಿಗೆ ಹಾಕಿದರು. ಸಂಜೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆ ಸೀದಾ ಜೈಲು. ಅವನ ಹೆಂಡತಿ ಬಂದು ಠಾಣೆಯ ಬೆಂಚಿನ ಮೇಲೆ ಕೂತಳು.

ಕಾರು ಹಲ್ಲಿನ ಡಾಕ್ಟರ ಮನೆಯದು. ಮನೆಯ ಮುಂಭಾಗದಲ್ಲೇ ಕ್ಲಿನಿಕ್ಕು. ಡಾಕ್ಟರು ರೋಗಿಗಳು ಒರಗುವ ಕುರ್ಚಿಯನ್ನೇ ತೋರಿಸಿದರು. ಕೂತರೆ ಎಲ್ಲಿ ನಿದ್ದೆ ಹತ್ತಿಬಿಡುತ್ತದೋ ಎಂದು ಇನ್ಸ್‌ಪೆಕ್ಟರ್ ನಿಂತೇ ಮಾತಾಡಿದರು.

"ಗಾಡಿ ನಿಮ್ಮದಾ?"

"ನಮ್ಮ ಮಾವನವರದು. ಅವರು ಹೋದಮೇಲೆ ಶೆಡ್ಡಲ್ಲಿ ಬಿದ್ದಿತ್ತು. ಇವತ್ತು ಗುಜರಿಯವನು ಬರೋನಿದ್ದ. ಚಕ್ರ ಉರುಳೋ ಹಾಗೆ ಮಾಡಿಕೊಡು ಅಂತ ಮೇಸ್ತ್ರಿಗೆ ಹೇಳಿದ್ದೆ. ನಿನ್ನೆ ಫೋನ್ ಮಾಡಿ, ಹಿಡ್ಕೊಂಡಿದೆ, ಬಿಡ್ತಾ ಇಲ್ಲ ಅಂದ. ಬರೀ ನಾಟಕ! ಎಲ್ಲೋ ಕುಡಿದು ಮೆರೆಯೋಕೆ ತಗೊಂಡು ಹೋಗಿರ್ತಾನೆ."

"ಬೆಳಿಗ್ಗೆ ನೀವೆಲ್ಲಿದ್ರಿ?"

"ನಾನಾ?" ಡಾಕ್ಟರ ಮುಖ ಕೆಂಪಾಯಿತು. "ಮಲಗಿದ್ದೆ. ಕಳ್ಳನ್ನ ಒಳಗಿಟ್ಟುಕೊಂಡು ನನ್ನ ಕೇಳ್ತೀರಲ್ಲ ಸಾರ್!"

ಡಾಕ್ಟರ ಹೆಂಡತಿ ನೀರು ತಂದಿಟ್ಟರು. ಮೆಲುದನಿಯ ಹೆಂಗಸು.

"ನೀವೇನಾದ್ರೂ ಕಂಡ್ರಾ ಅಮ್ಮಾ?"

"ನಾನು ಅಡುಗೆಮನೇಲಿದ್ದೆ. ಆದ್ರೆ ಮೇಸ್ತ್ರಿನ ಯಾಕೆ ಬೈತೀರಿ? ಪಾಪ, ಬ್ರೇಕ್ ಹಿಡೀಲಿಲ್ಲ ಅಂದ್ರೆ ಯಾರು ತಾನೇ ಏನು ಮಾಡೋಕಾಗತ್ತೆ?"

"ನೀನು ಸುಮ್ನಿರು. ಗಾಡಿ ವಿಷಯ ನಿನಗೇನು ಗೊತ್ತು?" ಡಾಕ್ಟರು ಇನ್ಸ್‌ಪೆಕ್ಟರ್ ಕಡೆ ತಿರುಗಿ ನಕ್ಕರು. "ಇವಳಿಗೆ ನಾನು ಸ್ಟೀರಿಂಗ್ ಮುಟ್ಟೋಕೇ ಬಿಡಲ್ಲ."

ಆ ನಗು ಇನ್ಸ್‌ಪೆಕ್ಟರಿಗೆ ಸೇರಲಿಲ್ಲ. ಹೆಂಗಸಿನ ಕನಿಕರ ಹಿಡಿಸಿತು. ಕನಿಕರಕ್ಕೆ ಮನಸ್ಸು ಸೋತು, ಆಡಿದ ಮಾತು ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಎಚ್ಚರವಿದ್ದ ದಿನವಾಗಿದ್ದರೆ ಹಾಗಾಗುತ್ತಿರಲಿಲ್ಲ.

ಮಧ್ಯಾಹ್ನ ದಾಟಿದರೂ ಮೇಸ್ತ್ರಿಯ ಹೆಂಡತಿ ಬೆಂಚು ಬಿಟ್ಟೆದ್ದಿರಲಿಲ್ಲ. ಇನ್ಸ್‌ಪೆಕ್ಟರ್ ಅವಳಿಗೂ ಚಹಾ ತರಿಸಿದರು.

"ಅವ್ರು ಸುಳ್ಳು ಹೇಳೋರಲ್ಲ ಸಾರ್," ಎಂದಳು ಅವಳು, ಲೋಟ ಮುಟ್ಟದೆ. "ರಾತ್ರಿ ಉಣ್ಣೋವಾಗ್ಲೂ ಅದೇ ಗೋಳು, ಬ್ರೇಕ್ ಹಿಡ್ಕೊಂಡಿದೆ, ಹಿಡ್ಕೊಂಡಿದೆ ಅಂತ. ಹಿಡಿದ್ರೆ ಒಳ್ಳೇದೇ ಅಲ್ವಾ, ಹಿಡೀದೇ ಇದ್ರೆ ತಾನೇ ಕಷ್ಟ, ಅಂದೆ. ಅಷ್ಟು ಸುಸ್ತಾಗಿದ್ರೂ ನಕ್ಕುಬಿಟ್ರು."

ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟರು. ನಿದ್ದೆ ಹಾರಿಹೋಯಿತು.

"ದಫೇದಾರ್! ಮೇಸ್ತ್ರಿನ ಕರ್ಕೊಂಡು ಬನ್ನಿ. ಗ್ಯಾರೇಜಿಗೆ ಹೋಗೋಣ."

ಚಕ್ರ ಕಳಚಿದ್ದಾಯಿತು. ಅದರ ಹಿಂದಿನ ಬ್ರೇಕ್ ಡ್ರಮ್ಮು ಮಾತ್ರ ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಮೇಸ್ತ್ರಿ ಸುತ್ತಲೂ ಸುತ್ತಿಗೆಯಿಂದ ತಟ್ಟಿದ, ಎಣ್ಣೆ ಬಿಟ್ಟ, ಮತ್ತೆ ತಟ್ಟಿದ. ಕೊನೆಗೆ ಅದು ಧಡಕ್ಕನೆ ಕೈಗೆ ಬಂತು. ಒಳಗಿನಿಂದ ಕರಿಯ ಚೂರುಗಳು ಉದುರಿದವು. ಹಿಂದೆಯೇ ಎಣ್ಣೆ ತೊಟ್ಟಿಕ್ಕಿತು.

ಮೇಸ್ತ್ರಿ ಕುಕ್ಕರಿಸಿದ. "ಅಯ್ಯಯ್ಯೋ... ಯಾರೋ ಜಗ್ಗಾಡಿದಾರೆ ಸಾರ್."

"ಬಿಡಿಸಿ ಹೇಳು."

"ಡ್ರಮ್ಮನ್ನ ಒಳಗಿಂದ ಒತ್ತಿ ನಿಲ್ಲಿಸೋ ಪಟ್ಟಿ, ಬ್ರೇಕ್ ಶೂ, ತುಕ್ಕಿಗೆ ಡ್ರಮ್ಮಿಗೇ ಅಂಟಿತ್ತು. ಗಾಡಿನ ಮುಂದಕ್ಕೆ ಹಿಂದಕ್ಕೆ ಜಗ್ಗಿದ್ರೆ ಚಕ್ರ ಬಿಡತ್ತೆ ನಿಜ, ಆದ್ರೆ ಶೂ ಮೇಲಿನ ಲೈನಿಂಗು ಕಿತ್ಕೊಂಡು ಬರತ್ತೆ. ಆಮೇಲೆ ಪೆಡಲ್ ಜೋರಾಗಿ ಒತ್ತಿ ನೋಡಿ – ಈ ಸಿಲಿಂಡರು ಬಾಯಿಬಿಟ್ಟು ಬ್ರೇಕ್ ಆಯಿಲ್ಲೆಲ್ಲ ಆಚೆ ಚೆಲ್ಲತ್ತೆ. ಹಳೇ ಗಾಡಿ, ನಾಲ್ಕು ಚಕ್ರಕ್ಕೂ ಒಂದೇ ಆಯಿಲ್ ಲೈನು. ಒಂದು ಹೋದ್ರೆ ಎಲ್ಲಾನೂ ಹೋಯ್ತು. ಅದಕ್ಕೇ ಅಲ್ವಾ ನಾನು ಎಣ್ಣೆ ಹಾಕ್ಕೊಂಡು ಕಾಯ್ತಾ ಕೂತಿದ್ದು!"

"ಬ್ರೇಕ್ ಹೋಗಿದೆ ಅಂತ ಈಗ ಇದನ್ನ ಬಿಚ್ಚೋ ತನಕ ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ಇಳಿಜಾರಲ್ಲಿ ಪೆಡಲ್ ಒತ್ತಿದವರನ್ನ ಬಿಟ್ಟು."

ಇನ್ಸ್‌ಪೆಕ್ಟರ್ ಮತ್ತೆ ಡಾಕ್ಟರ ಮನೆಗೆ ಹೋದರು. ಈ ಸಲ ಆ ಕುರ್ಚಿಯಲ್ಲೇ ಕೂತರು. ನಿಲ್ಲಲು ಕಾಲು ಒಪ್ಪಲಿಲ್ಲ. ಗಂಡ ಹೆಂಡತಿ ಇಬ್ಬರೂ ಎದುರಿಗಿದ್ದರು.

"ಈ ಮನೆಗೆ ಮೇಸ್ತ್ರಿ ಕಳಿಸಿದ ಸುದ್ದಿ ಒಂದೇ," ಎಂದರು. "ಬ್ರೇಕ್ ಹಿಡ್ಕೊಂಡಿದೆ. ಅಂದ್ರೆ ಚಕ್ರ ತಿರುಗಲ್ಲ. ಬೆಳಿಗ್ಗೆ ನೀವೂ ಹಾಗೇ ಹೇಳಿದ್ರಿ ಡಾಕ್ಟ್ರೇ. ನಾವೋ, ಗುದ್ದಿದವನು ಬ್ರೇಕೇ ಮುಟ್ಟಲಿಲ್ಲ ಅಂದ್ಕೊಂಡಿದ್ವಿ. ಬ್ರೇಕ್ ಹಿಡೀಲಿಲ್ಲ, ಅಂದ್ರೆ ಒತ್ತಿದ್ರೂ ಚಕ್ರ ನಿಲ್ಲಲಿಲ್ಲ ಅಂತ ಹೇಳಿದವರು ಒಬ್ಬರೇ. ಕೇಳೋಕೆ ಎರಡೂ ಒಂದೇ ಥರ. ಅರ್ಥ ಪೂರ್ತಿ ಉಲ್ಟಾ."

"ಏನ್ರೀ ಇದು? ನಾನು ಮಲಗಿದ್ದೆ ಅಂದೆನಲ್ಲ!"

"ನಿಮಗಲ್ಲ ಹೇಳ್ತಿರೋದು." ಇನ್ಸ್‌ಪೆಕ್ಟರ್ ಅವರ ಹೆಂಡತಿಯ ಕಡೆ ನೋಡಿದರು. "ಗಾಡಿ ಓಡಿಸಿದ್ದು ನೀವು ಅಮ್ಮಾ."

ಆಕೆ ಗೋಡೆಗೆ ಒರಗಿಕೊಂಡರು.

"ಅಪ್ಪನ ಪಕ್ಕ ಕೂತು ಕಲಿತ ಗಾಡಿ. ಇವತ್ತು ಗುಜರಿಗೆ ಹೋಗತ್ತಲ್ಲ ಅಂತ... ಒಂದೇ ಒಂದು ಸುತ್ತು ಸಾಕು ಅನ್ನಿಸ್ತು. ಮಳೆಗಾಲದಲ್ಲಿ ಚಕ್ರ ಹಿಡ್ಕೊಂಡ್ರೆ ಅಪ್ಪ ಹಿಂದೆ ಮುಂದೆ ಜಗ್ಗಿಸಿ ಬಿಡಿಸ್ತಿದ್ರು. ನಾನೂ ಹಾಗೇ ಮಾಡಿದೆ. ತಿರುವಲ್ಲಿ ಸೈಕಲ್ ಕಾಣಿಸ್ತು, ಒತ್ತಿದೆ. ಕಾಲು ಸೀದಾ ಕೆಳಗೆ ಹೋಯ್ತು. ಎಷ್ಟು ಒತ್ತಿದ್ರೂ ಹಿಡೀಲಿಲ್ಲ ಸಾರ್."

"ನಂಬ್ತೀನಿ. ಅಲ್ಲೀವರೆಗೂ ಅದು ಅಪಘಾತ. ಗಾಡಿ ಎಲ್ಲಿ ನಿಂತಿತು?"

"ಕೆಳಗೆ, ಮಣ್ಣಿನ ದಿಬ್ಬಕ್ಕೆ ಹತ್ತಿ."

"ಅಲ್ಲಿಂದ ತಿರುಗಿಸಿಕೊಂಡು ಏರು ಹತ್ತಿದ್ರಿ. ಬಿದ್ದಿದ್ದವರ ಪಕ್ಕದಲ್ಲೇ ಹಾದು ಬಂದ್ರಿ. ಏರಲ್ಲಿ ಗಾಡಿ ನಿಲ್ಲಿಸೋಕೆ ಬ್ರೇಕ್ ಕೂಡ ಬೇಕಿರಲಿಲ್ಲ, ಆದ್ರೂ ನಿಲ್ಲಿಸಲಿಲ್ಲ. ಆಮೇಲೆ ಮೇಸ್ತ್ರಿನ ಒಳಗೆ ಹಾಕಿದ್ದೂ ನಿಮಗೆ ಗೊತ್ತಿತ್ತು."

"ಬಿಟ್ಟುಬಿಡ್ತೀರಿ ಅಂದ್ಕೊಂಡೆ. ಅದಕ್ಕೇ ಅವರ ಪರ ಒಂದು ಮಾತು ಆಡಿದ್ದು."

"ನನ್ನ ಮಾನ ಏನಾಗಬೇಕು?" ಡಾಕ್ಟರು ಕೂಗಿದರು. "ಕ್ಲಿನಿಕ್ಕಿಗೆ ನಾಳೆಯಿಂದ ಯಾರಾದ್ರೂ ಬರ್ತಾರಾ?"

ಆಕೆ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಇನ್ಸ್‌ಪೆಕ್ಟರ್ ಫೋನು ತೆಗೆದು, ಮೇಸ್ತ್ರಿಯನ್ನು ಹೆಂಡತಿಯ ಜೊತೆ ಮನೆಗೆ ಕಳಿಸಿಬಿಡಿ ಎಂದು ದಫೇದಾರನಿಗೆ ಹೇಳಿದರು. ಆ ಮಾತು ಮುಗಿಯುವ ತನಕ ಆಕೆ ಕಾದರು.

"ಆ ಬ್ರೆಡ್ಡಿನ ಅಜ್ಜ... ಬದುಕಿದ್ದಾರಾ ಸಾರ್?"

ಇನ್ಸ್‌ಪೆಕ್ಟರಿಗೆ ಸಿಟ್ಟು ಬರಬೇಕಿತ್ತು. ದುಃಖವಾಯಿತು.

"ಮಧ್ಯಾಹ್ನ ಕಣ್ಣು ಬಿಟ್ರಂತೆ. ಬೆಳಿಗ್ಗೆ ನಾನು ಬಂದಾಗಲೇ ಇದನ್ನ ಕೇಳಬಹುದಿತ್ತಲ್ಲ ಅಮ್ಮಾ."

ಆಕೆ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಚಪ್ಪಲಿ ಮೆಟ್ಟಿ, ಯಾರೂ ಕರೆಯುವ ಮೊದಲೇ, ಜೀಪಿನ ಕಡೆ ನಡೆದರು.