ಹದಿನೇಳನೇ ಟೋಪಿಯ ಚುಕ್ಕಿಬಟ್ಟೆ

ಹನ್ನೊಂದನೇ ತಾರೀಕು, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಬಂದ ದೂರನ್ನು ಬರೆದುಕೊಳ್ಳಲು ಮಹಿಳಾ ಹೆಡ್ ಕಾನ್‌ಸ್ಟೆಬಲ್ ಮೂರು ಸಲ ಪೆನ್ನು ಎತ್ತಿ ಮೂರು ಸಲ ಕೆಳಗಿಟ್ಟಳು. ಟೋಪಿ ಹಾಕಿಸಿಕೊಂಡವರು ಆ ಠಾಣೆಗೆ ದಿನಾ ಬರುತ್ತಿದ್ದರು. ಟೋಪಿಯ ಬಿಲ್ಲೆಯ ಹಿಂದಿನ ಬಟ್ಟೆ ಕಳೆದುಕೊಂಡು ಬಂದವರು ಇವರೊಬ್ಬರೇ.

ದೂರುದಾರರು ನಿವೃತ್ತ ಗಡಿಯಾರ ರಿಪೇರಿಗಾರ. ಸೈನ್ಯದ ಹೆಂಗಸರು ಧರಿಸುತ್ತಿದ್ದ ಹಳೆಯ ಬೆರೆಟ್ ಟೋಪಿಗಳನ್ನು ಕೂಡಿಡುವುದು ಅವರ ಹುಚ್ಚು. ಮನೆಯಲ್ಲಿ ಅಂಥವು ನಲವತ್ತಮೂರು ಇದ್ದವು; ಭಾನುವಾರ ಯಾರು ಬೇಕಾದರೂ ಬಂದು ನೋಡಬಹುದಿತ್ತು.

"ಏನು ಹೋಗಿದೆ?"

"ಹದಿನೇಳನೇ ಟೋಪಿಯ ಹಿಂಬಟ್ಟೆ."

"ಟೋಪಿ?"

"ಇದೆ."

"ಬಿಲ್ಲೆ?"

"ಅದೂ ಇದೆ, ಹಿತ್ತಾಳೇದು. ವಾಪಸ್ ನೆಟ್ಟಗೆ ಚುಚ್ಚಿಟ್ಟು ಹೋಗಿದ್ದಾರೆ."

"ಬಟ್ಟೆ ಎಷ್ಟು ದೊಡ್ಡದು?"

ಗಡಿಯಾರದವರು ಅಂಗೈ ಚಾಚಿ ಅದರಲ್ಲಿ ಅರ್ಧ ತೋರಿಸಿದರು. ಪೇದೆಗಳು ಗೋಡೆ ಕಡೆ ತಿರುಗಿ ಕೆಮ್ಮಿದರು. ಒಳಗಿನಿಂದ ಇನ್‌ಸ್ಪೆಕ್ಟರ್ ದನಿ ಬಂತು: "ಬರ್ಕೊಳ್ಳಮ್ಮ. ಅಡಿಕೆ ಕದ್ರೂ ಕಳ್ಳ, ಆನೆ ಕದ್ರೂ ಕಳ್ಳ." ಎಫ್‌ಐಆರ್ ದಾಖಲಾಯಿತು.

ಹನ್ನೊಂದೂ ನಲವತ್ತಕ್ಕೆ ದೂರುದಾರರ ಮನೆಯ ಮುಂದಿನ ಕೋಣೆಯಲ್ಲಿ, ಇನ್‌ಸ್ಪೆಕ್ಟರ್ ಎದುರಲ್ಲೇ, ಪಂಚನಾಮೆ ಶುರುವಾಯಿತು. ಗಾಜಿನ ಕಪಾಟಿನ ಬೀಗ ಒಡೆದಿರಲಿಲ್ಲ. ಒಂದೊಂದು ಟೋಪಿಯ ಕೆಳಗೂ ಮುದ್ದಾದ ಅಕ್ಷರದ ಚೀಟಿ. ಗಡಿಯಾರದವರು ಹದಿನೇಳನೆಯದನ್ನು ಕೂಸಿನ ತಲೆ ಹಿಡಿದಂತೆ ಹಿಡಿದು ತಿರುಗಿಸಿ ತೋರಿಸಿದರು.

"ಒಳಗಿನ ಚರ್ಮದ ಪಟ್ಟಿ ನೋಡಿ. ಪಕ್ಕದಲ್ಲಿ ಗಾಳಿಗೆ ಎರಡು ತೂತು. ಇದು ಕಾರ್ಖಾನೆ ಮುದ್ರೆ, ಅರವತ್ತೆಂಟನೇ ಇಸವಿ. ನಮ್ಮಮ್ಮ ಟೋಪಿ ಕಾರ್ಖಾನೇಲಿ ಈ ಪಟ್ಟಿ ಹೊಲೀತಿದ್ರು. ಯಾವ ಟೋಪಿ ಕೈಗೆ ಬಂದ್ರೂ ಮೊದಲು ಅವರ ಹೊಲಿಗೇನಾ ಅಂತ ನೋಡ್ತೀನಿ."

ಹೆಡ್ ಕಾನ್‌ಸ್ಟೆಬಲ್‌ಗೆ ಈ ಮನುಷ್ಯನ ಮೇಲೆ ಅಕ್ಕರೆ ಹುಟ್ಟಿತು. ಆದರೂ ಚೀಟಿಯನ್ನು ಗಟ್ಟಿಯಾಗಿ ಓದಿದಳು: "ಹಿಂಬಟ್ಟೆ: ನೀಲಿ ಮೇಲೆ ಬಿಳಿ ಚುಕ್ಕಿ. ತಪ್ಪು. ತುಕಡಿಯ ಬಣ್ಣ ಕೆಂಪು. ಕಿತ್ತು ಬದಲಾಯಿಸುವುದು." ಮೇಜಿನ ಮೇಲೆ ಕತ್ತರಿಸಿಟ್ಟ ಕೆಂಪು ಉಣ್ಣೆಬಟ್ಟೆ ಕಾಯುತ್ತಿತ್ತು.

"ಅಂದ್ರೆ ಅದನ್ನ ನೀವೇ ಬಿಸಾಕೋರಿದ್ರಿ?"

"ಇವತ್ತು ಬೆಳಿಗ್ಗೆ."

"ಮತ್ತೆ ದೂರು ಯಾಕೆ?"

"ಬಿಸಾಕೋದು ಬೇರೆ, ಕದಿಯೋದು ಬೇರೆ!"

ಅವಳು ಕಪಾಟಿನತ್ತ ಬಗ್ಗಿದಳು. ಹಲಗೆಯ ಮೇಲೆ ನೂಲಿನ ತುಣುಕುಗಳಿದ್ದವು. ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದ್ದರು, ಟೋಪಿಯ ಒಂದು ಎಳೆಯೂ ಜಗ್ಗಿರಲಿಲ್ಲ. ಅವಳು ತನ್ನ ಟೋಪಿಯನ್ನೇ ತೆಗೆದು ಇನ್‌ಸ್ಪೆಕ್ಟರ್ ಮುಂದೆ ಹಿಡಿದಳು. ಪೊಲೀಸ್ ಬಿಲ್ಲೆಯ ಹಿಂದೆ, ಮಗಳ ಹಳೇ ಸ್ವೆಟರಿನಿಂದ ಕತ್ತರಿಸಿದ ದಪ್ಪ ತುಂಡೊಂದಿತ್ತು.

"ಬಿಲ್ಲೆ ಮೊಳೆ ಒಳಗೆ ಚಾಚಿ ಹಣೆಗೆ ಚುಚ್ಚುತ್ತೆ ಸರ್. ಹಿಂದೆ ದಪ್ಪಕ್ಕೆ ಬಟ್ಟೆ ಮಡಿಸಿಟ್ರೆ ಅಷ್ಟು ಚಾಚಲ್ಲ. ಇವರು ಬಣ್ಣ ನೋಡಿದ್ದಾರೆ. ಆ ಚುಕ್ಕಿಬಟ್ಟೆ ಇಟ್ಟವರು ಹಣೆ ನೋಡಿದ್ದಾರೆ."

ಇನ್‌ಸ್ಪೆಕ್ಟರ್ ಸಂದರ್ಶಕರ ಪುಸ್ತಕ ಕೇಳಿದರು. ಭಾನುವಾರ ಬಂದವರು ಐದು ಜನ. ನಾಲ್ವರು ಒಂದೇ ಮನೆಯವರು. ಐದನೆಯವರು ಮೂರೂ ಐವತ್ತಕ್ಕೆ ಬರೆದಿದ್ದರು: "ಟೋಪಿಗಳನ್ನು ಚೆನ್ನಾಗಿ ಇಟ್ಟಿದ್ದೀರಿ. ಹದಿನೇಳರ ಚೀಟಿ ತಪ್ಪು." ಕೆಳಗೆ ಪೂರ್ತಿ ವಿಳಾಸವೂ ಇತ್ತು.

"ಯಾರಿವರು?"

"ಒಬ್ಬ ಅಜ್ಜಿ. ಟೋಪಿ ತೆಗೆದು ಕೈಗೆ ಕೊಟ್ಟೆ. ಬಟ್ಟೆ ಸರಿಯಾಗೇ ಇದೆ ಅಂದ್ರು. ನಿಮಗೇನು ಗೊತ್ತು, ನಾಳೆ ಕಿತ್ತು ಬಿಸಾಕ್ತೀನಿ ಅಂದೆ. ಆಮೇಲೆ ಪುಸ್ತಕದಲ್ಲಿ ಬರೆದು, ಕುಡಿಯೋಕೆ ನೀರು ಕೇಳಿದ್ರು. ತರೋಕೆ ಒಳಗೆ ಹೋದೆ..."

ಮಧ್ಯಾಹ್ನ ಎರಡೂವರೆಗೆ ಮೂರನೇ ಮಹಡಿಯ ಒಂಟಿ ಕೋಣೆಯ ಬಾಗಿಲು ತಟ್ಟಿದರು. ಎಪ್ಪತ್ತೆಂಟರ ಅಜ್ಜಿ ಬಾಗಿಲು ತೆರೆದು, "ಬನ್ನಿ, ಬೆಳಿಗ್ಗೆಯಿಂದ ಕಾಯ್ತಿದೀನಿ" ಎಂದರು. ಪೊಲೀಸರು ತಡ ಮಾಡಿದ್ದಕ್ಕೆ ಗದರಿಸಿದಂತಿತ್ತು.

"ಬಟ್ಟೆ ನೀವು ತೆಗೆದ್ರಾ?"

"ಹೌದು."

"ಎಷ್ಟು ಹೊಲಿಗೆ ಇತ್ತು?"

"ಎಂಟು. ಹಾಕಿದವಳು ನಾನೇ, ನನಗೆ ಗೊತ್ತಿಲ್ವಾ?"

ಟೋಪಿ ಹೊಸದಿದ್ದಾಗ ಅಜ್ಜಿ ಸೈನ್ಯದ ಶಿಬಿರದಲ್ಲಿ ಟೆಲಿಫೋನ್ ಆಪರೇಟರ್. ಟೋಪಿ ಅವರ ಗೆಳತಿಯದು, ಆಂಬುಲೆನ್ಸ್ ಚಾಲಕಿಯದು. "ಒಡಹುಟ್ಟಿದವಳಲ್ಲ. ಆದ್ರೂ ಅಕ್ಕ ಅಂತಿದ್ದೆ. ದೊಡ್ಡ ತಲೆ, ಸಣ್ಣ ಟೋಪಿ. ರೋಡು ಕುಲುಕಿದಾಗೆಲ್ಲ ಮೊಳೆ ಚುಚ್ಚಿ ಹಣೆಯಿಂದ ರಕ್ತ. ಗಾಡಿಯಲ್ಲಿರೋ ರೋಗಿಗಳೇ ಇವಳಿಗೆ ಔಷಧಿ ಹಚ್ಕೋ ಅಂತಿದ್ರು! ಅದಕ್ಕೇ ನನ್ನ ಫ್ರಾಕಿನ ಜೇಬು ಕಿತ್ತು ಮಡಿಸಿ ಹೊಲಿದೆ. ಕೆಂಪು ಬಟ್ಟೆ ಹಾಕು ಅಂತ ಮೇಲಿನವರು ಎರಡು ಭಾನುವಾರ ರಜೆ ಕತ್ತರಿಸಿದ್ರು. ಅಕ್ಕ ತೆಗೀಲಿಲ್ಲ. ಅವಳು ಹೋಗಿ ಒಂಬತ್ತು ವರ್ಷ. ಅವಳ ಕಡೆಯವರು ಸಾಮಾನೆಲ್ಲ ಮಾರಿದ್ರು. ಟೋಪಿ ಅಲ್ಲಿರೋದು ಗೊತ್ತಾಗಿದ್ದೇ ಮೊನ್ನೆ."

ಪೆಟ್ಟಿಗೆಯಿಂದ ಚುಕ್ಕಿಬಟ್ಟೆ, ಅದರ ಜೊತೆ ಬಿಳಿ ಚುಕ್ಕಿಯ ನೀಲಿ ಫ್ರಾಕು ಹೊರಬಂದವು. ಬಲಗಡೆ ಜೇಬಿದ್ದ ಜಾಗ ಮಾತ್ರ ಮಾಸದೆ ಕಡುನೀಲಿಯಾಗಿತ್ತು. ಹೆಡ್ ಕಾನ್‌ಸ್ಟೆಬಲ್ ಚುಕ್ಕಿಬಟ್ಟೆಯ ಮಡಿಕೆ ಬಿಚ್ಚಿ ಅಲ್ಲಿಟ್ಟಳು. ಅಂಚಿಗೆ ಅಂಚು ಕೂತಿತು. ಮೂರೂ ಹತ್ತಕ್ಕೆ ಪಂಚರ ಸಮಕ್ಷಮ ಬಟ್ಟೆ, ಫ್ರಾಕು, ಪುಟ್ಟ ಕತ್ತರಿ ಮೂರನ್ನೂ ವಶಪಡಿಸಿಕೊಂಡಳು. ಬಂಧನದ ಕಾರಣ ತಿಳಿಸಿ ಸಹಿ ಪಡೆದಳು. ಅಜ್ಜಿ ತಲೆ ಬಾಚಿಕೊಂಡು ಹೊರಟರು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು: "ಜಾಮೀನಿಗೆ ಯಾರಿದ್ದಾರೆ?"

"ಯಾರೂ ಇಲ್ಲ."

"ನಾನಿದೀನಿ" ಎಂದರು, ಅಜ್ಜಿಯ ಹೇಳಿಕೆಯನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿದ್ದ ಗಡಿಯಾರದವರು.

"ದೂರು ಕೊಟ್ಟವರೇ ಜಾಮೀನಾ?"

"ಕೊಡಬಾರದು ಅಂತ ಎಲ್ಲಿದೆ, ತೋರಿಸಿ."

ಇನ್‌ಸ್ಪೆಕ್ಟರ್ ಜಾಮೀನು ಪತ್ರ ಮುಂದೆ ತಳ್ಳಿದರು. ಗಡಿಯಾರದವರು ಸಹಿ ಹಾಕಿ, ರಾಜಿ ಅರ್ಜಿ ಬರೆಯುವುದು ಹೇಗೆಂದು ಕೇಳಿಕೊಂಡು, ಜೇಬಿನಿಂದ ಹದಿನೇಳರ ಚೀಟಿ ತೆಗೆದರು. 'ತಪ್ಪು' ಹೊಡೆದು 'ಸರಿ' ಎಂದು ಬರೆದರು. "ಸಾಕಾ?"

"ಯಾರ ಹಣೆಗೆ ಅಂತಾನೂ ಬರೀರಿ" ಎಂದರು ಅಜ್ಜಿ. "ಕೋರ್ಟಿಂದ ಬಟ್ಟೆ ಬಂದ ದಿನ ಹೇಳಿ ಕಳಿಸಿ. ಹೊಲಿಯೋದು ನಾನೇ."

ಅವರಿಬ್ಬರೂ ಒಟ್ಟಿಗೆ ಮೆಟ್ಟಿಲಿಳಿದ ಮೇಲೆ ಹೆಡ್ ಕಾನ್‌ಸ್ಟೆಬಲ್ ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆದು ಮುಂದಿಟ್ಟಳು. ಇನ್‌ಸ್ಪೆಕ್ಟರ್ ಎರಡು ಸಲ ಓದಿ ಸಹಿ ಹಾಕಿದರು. ಅದರಲ್ಲಿ ಇದ್ದದ್ದು ಇಷ್ಟೇ: "ಆರೋಪಿಯು ಮೊದಲು ಬಾಯಲ್ಲಿ ಹೇಳಿದ್ದಾರೆ, ನಂತರ ಪುಸ್ತಕದಲ್ಲಿ ಬರೆದಿದ್ದಾರೆ. ಯಾರೂ ಕೇಳದ ಕಾರಣ ತೆಗೆದುಕೊಂಡು ಹೋಗಿದ್ದಾರೆ."